ಅತ್ತೆಗೂ ಅರ್ಥವಾಗುವ ಕೈಪಿಡಿ

ಹೊಲಿಗೆ ಯಂತ್ರದ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರೊಬ್ಬರಿಗೆ ‘ಆಯ್ತು ಬಿಡಿ’ ಎಂದೇ ಹೆಸರು. ಯಾವ ಕೆಲಸ ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ “ಅಷ್ಟೇ ತಾನೆ? ಆಯ್ತು ಬಿಡಿ” ಅಂದುಬಿಡುವುದು ಅವರ ಹುಟ್ಟುಗುಣ. ಕೆಲಸ ಆಗುತ್ತಿತ್ತೋ ಇಲ್ಲವೋ, ಅದು ಬೇರೆ ವಿಷಯ. ಆ ದಿನ ಬೆಳಿಗ್ಗೆ ಮ್ಯಾನೇಜರ್ ಕರೆದು, “ಹೊಸ ಮಷಿನ್ನಿಗೆ ಕೈಪಿಡಿ ಬೇಕು. ಸಂಜೆ ಐದಕ್ಕೆ ನನ್ನ ಟೇಬಲ್ ಮೇಲಿರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಶುರುವಾಗೋ ನಿಮ್ಮ ರಜೆ ಇಲ್ಲ” ಎಂದಾಗಲೂ ಬಾಯಿಂದ ಬಂದದ್ದು ಅದೇ ಮಾತು.

ಆ ರಜೆ ಅಂತಿಂಥ ರಜೆಯಲ್ಲ. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟು ಆರು ವರ್ಷವಾಗಿತ್ತು. ಮನೆಯಲ್ಲೇ ಇರುವ ಅತ್ತೆಯನ್ನು ಬಿಟ್ಟು ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಈ ಸಲ ಅತ್ತೆಯೇ, “ಹೋಗ್ಬನ್ನಿ, ಮನೆ ನಾನು ನೋಡ್ಕೋತೀನಿ” ಅಂದಿದ್ದರು. ಅಂಥ ಮಾತು ಅವರ ಬಾಯಿಂದ ಎರಡನೇ ಸಲ ಬರುವುದಿಲ್ಲವೆಂದು ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು; ಕೂಡಲೇ ಟಿಕೆಟ್ ಮಾಡಿಸಿದ್ದರು.

ತೊಂದರೆ ಒಂದೇ. ರಜೆ ಅರ್ಜಿಯನ್ನೇ ಮೂರು ಸಲ ಹರಿದು ಬರೆದ ಮನುಷ್ಯ ಕೈಪಿಡಿ ಬರೆಯುವುದುಂಟೆ! ಆದರೂ ಅವರು ಎದೆಗುಂದಲಿಲ್ಲ. “ಈಗಿನ ಕಾಲದಲ್ಲಿ ಯಾರ್ರೀ ಕೂತ್ಕೊಂಡು ಬರೀತಾರೆ? ಬರೆಸೋದು!” ಎಂದು ಪಕ್ಕದ ಮೇಜಿನ ಸ್ಟೋರ್‌ಕೀಪರಿಗೆ ಹೇಳಿ, ಮನೆಯಲ್ಲೇ ಕೂತು ಬಿಡಿ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗಳ ಜಾಲತಾಣ ತೆರೆದರು. ‘ಕೆಲಸದ ವಿವರ’ ಎಂಬ ದೊಡ್ಡ ಚೌಕದಲ್ಲಿ ಬರೆದದ್ದು ಇಷ್ಟೇ: “ಕೈಪಿಡಿ ಬೇಕು. ಚೆನ್ನಾಗಿರಬೇಕು. ಅರ್ಜೆಂಟ್.”

‘ಗುಬ್ಬಚ್ಚಿ’ ಎಂಬ ಹೆಸರಿನವರು ಕೆಲಸ ಒಪ್ಪಿಕೊಂಡರು. ಹತ್ತೇ ನಿಮಿಷಕ್ಕೆ ಕೈಪಿಡಿ ಬಂತು. ಬಣ್ಣದ ಚಿತ್ರಗಳಿದ್ದವು, ಬರಹ ಮುದ್ದಾಗಿತ್ತು. ಆದರೆ ಅದು ಗಿಳಿ ಸಾಕುವ ಕೈಪಿಡಿ.

“ಇದೇನ್ರೀ ಇದು?” ಎಂದು ಇವರು ಸಂದೇಶ ಕಳಿಸಿದರು.

“ಯಾವುದರ ಕೈಪಿಡಿ ಅಂತ ನೀವು ಬರೆದಿರಲಿಲ್ಲ. ಅರ್ಜೆಂಟ್ ಅಂದ್ರಿ. ನನ್ನ ಹತ್ರ ಇರೋದ್ರಲ್ಲಿ ಚೆನ್ನಾಗಿರೋದು ಕಳಿಸ್ದೆ” ಎಂದಿತು ಗುಬ್ಬಚ್ಚಿ.

ಸ್ಟೋರ್‌ಕೀಪರ್ ಕುರ್ಚಿ ಎಳೆದುಕೊಂಡು ಬಂದರು. “ವಿವರ ಕೊಡ್ಬೇಕು ಸ್ವಾಮಿ. ಸರ್ಕೊಳ್ಳಿ ಆ ಕಡೆ!” ಎಂದು ಯಂತ್ರದ ನೂರ ನಲವತ್ತಮೂರು ಬಿಡಿಭಾಗಗಳ ಹೆಸರನ್ನೂ ಸ್ಕ್ರೂ ಸಮೇತ ತಾವೇ ತುಂಬಿಸಿದರು. ಮಧ್ಯಾಹ್ನಕ್ಕೆ ಎರಡನೇ ಕೈಪಿಡಿ ಬಂತು. ಮೊದಲ ಸಾಲಿನಲ್ಲೇ, “ಮೊದಲಿಗೆ ನೂರ ನಲವತ್ತಮೂರು ಭಾಗಗಳನ್ನೂ ಬಿಚ್ಚಿ ನೆಲದ ಮೇಲೆ ಹರಡಿಕೊಳ್ಳಿ” ಎಂದಿತ್ತು.

ಗಂಟೆ ಎರಡಾಯಿತು. ಅವರ ಕಣ್ಣ ಮುಂದಿನಿಂದ ಸಮುದ್ರ ಹಿಂದೆ ಹಿಂದೆ ಸರಿಯತೊಡಗಿತು. ಆಫೀಸಿನ ಫೋನ್ ಕರೆ ನೋಡಿಕೊಳ್ಳುವ ಮೇಡಂ ಇದನ್ನೆಲ್ಲ ಬೆಳಿಗ್ಗೆಯಿಂದ ಗಮನಿಸುತ್ತಿದ್ದರು. ತಡೆಯಲಾಗದೆ, “ಅಲ್ಲಾ, ಇದನ್ನ ಓದೋರು ಯಾರು ಅಂತ ಬರೆದ್ರಾ? ಅದನ್ನ ಬರೀರಿ ಮೊದ್ಲು” ಎಂದರು.

“ಅಷ್ಟೇ ತಾನೆ?” ಎಂದು ಇವರು ಟೈಪಿಸಿದರು: “ನಮ್ಮ ಅತ್ತೆಗೂ ಅರ್ಥವಾಗಬೇಕು.”

ಗುಬ್ಬಚ್ಚಿ ಚುರುಕಾಯಿತು. “ಅತ್ತೆಯವರಿಗೆ ಕಣ್ಣು ಚೆನ್ನಾಗಿ ಕಾಣುತ್ತಾ?”

“ಸೂಜಿ ಕಣ್ಣು ಕಾಣಲ್ಲ. ನನ್ನ ತಪ್ಪು ಗೋಡೆಯಾಚೆಯಿಂದ್ಲೂ ಕಾಣುತ್ತೆ.”

“ಸಿಟ್ಟು ಬೇಗ ಬರುತ್ತಾ?”

“ಬರೋದೇನು, ಅಲ್ಲೇ ಇರುತ್ತೆ.”

“ಹಾಗಾದ್ರೆ ಅವರು ಮಷಿನ್ ಮುಂದೆ ಕೂತಿದ್ದಾರೆ ಅಂದ್ಕೊಳ್ಳಿ. ಮೊದಲು ಏನು ಹೇಳ್ತೀರಿ? ಆಮೇಲೆ? ಎಲ್ಲಿ ತಪ್ಪು ಮಾಡ್ತಾರೆ?”

ಇವರಿಗೆ ಇದ್ದಕ್ಕಿದ್ದಂತೆ ಕೈ ಓಡತೊಡಗಿತು. ವರ್ಷಗಟ್ಟಲೆ ಅತ್ತೆಗೆ ಹೇಳಬೇಕೆಂದು ನುಂಗಿಕೊಂಡ ಮಾತೆಲ್ಲ ಬೆರಳಿಗಿಳಿದು ಬಂತು. ‘ಅತ್ತೆ, ಮೊದಲು ಕಾಲನ್ನು ಪೆಡಲಿನಿಂದ ತೆಗೆಯಿರಿ. ದಾರವನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿ, ಎರಡು ಬಿಲ್ಲೆಗಳ ನಡುವೆ ಎಳೆಯಿರಿ. ದಾರ ಹರಿದರೆ ಸೂಜಿಯ ಮೇಲೆ ಸಿಟ್ಟಾಗಬೇಡಿ, ಅದು ನಿಮ್ಮ ಅಳಿಯನಲ್ಲ.’ ಒಂದಲ್ಲ, ಎರಡಲ್ಲ, ಏಳು ಪುಟ! ಕಳಿಸಿ ಬೆವರು ಒರೆಸಿಕೊಂಡಾಗ ನಾಲ್ಕೂ ಮುಕ್ಕಾಲು.

ಐದಕ್ಕೆ ಐದು ನಿಮಿಷವಿದ್ದಾಗ ಕೈಪಿಡಿ ಬಂತು. ಮುದ್ರಿಸಿ, ಓದಲೂ ಪುರುಸೊತ್ತಿಲ್ಲದೆ ಮ್ಯಾನೇಜರ್ ಕೋಣೆಗೆ ಓಡಿದರು.

ಮ್ಯಾನೇಜರ್ ಓದುತ್ತಾ ಓದುತ್ತಾ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಭೇಷ್ ಕಣ್ರೀ! ಇಷ್ಟು ಸ್ಪಷ್ಟವಾದ ಕೈಪಿಡಿ ನಾನು ನೋಡೇ ಇಲ್ಲ. ನೀವೇ ಬರೆದ್ರಾ?”

“ನಾನೇ ಸರ್” ಎಂದರು ಇವರು, ಎದೆಯುಬ್ಬಿಸಿ.

“ಒಳ್ಳೇದಾಯ್ತು. ಇನ್ನೂ ಹನ್ನೊಂದು ಮಾಡೆಲ್ ಇದೆ. ಈ ವಾರದಲ್ಲೇ ಎಲ್ಲಾದಕ್ಕೂ ಬರೆದ್ಬಿಡಿ. ರಜೆ ಆಮೇಲೆ ನೋಡೋಣ.”

“ಅಯ್ಯೋ ಸರ್, ಸುಳ್ಳು ಹೇಳ್ಬಿಟ್ಟೆ! ಬರೆದಿದ್ದು ನಾನಲ್ಲ, ಹೊರಗಿನೋರು. ಗುಬ್ಬಚ್ಚಿ ಅಂತ. ಹನ್ನೊಂದೂ ಅವರ ಕೈಲೇ ಬರೆಸಿ, ನನ್ನ ಬಿಟ್ಬಿಡಿ!”

ಮ್ಯಾನೇಜರ್ ಹುಬ್ಬೇರಿಸಿ, ಇವರ ಕೈಯಿಂದಲೇ ಗುಬ್ಬಚ್ಚಿಗೆ ಸಂದೇಶ ಕಳಿಸಿದರು: “ಈ ಕೈಪಿಡಿ ಬರೆದದ್ದು ನೀವೇನಾ?”

ಉತ್ತರ ಕೂಡಲೇ ಬಂತು. “ಸುಳ್ಳು ಯಾಕೆ ಹೇಳ್ಲಿ ಸರ್? ನಾನು ಮೇಲೊಂದು ತಲೆಬರಹ ಹಾಕಿ ಪುಟಗಳಿಗೆ ನಂಬರ್ ಕೊಟ್ಟೆ, ಅಷ್ಟೇ. ಮಿಕ್ಕಿದ್ದೆಲ್ಲ ಅವರು ಕೊಟ್ಟ ವಿವರಾನೇ. ಒಂದಕ್ಷರ ಬದಲಾಯಿಸೋ ಹಾಗಿರ್ಲಿಲ್ಲ. ಇಂಥ ಬರಹಗಾರರು ನನ್ನ ಕೈಲಿ ಯಾಕೆ ಬರೆಸ್ತಾರೋ!”

“ವಿನಯ ಇರ್ಬೇಕು, ಇಷ್ಟೊಂದಲ್ಲ” ಎಂದು ಮ್ಯಾನೇಜರ್ ಇವರ ಬೆನ್ನು ತಟ್ಟಿದರು. “ಅಂದ ಹಾಗೆ, ಈ ಅತ್ತೆ ನಿಜವಾಗ್ಲೂ ಇದ್ದಾರಾ?”

“ಇದ್ದಾರೆ ಸರ್” ಎಂದರು ಇವರು, ಸತ್ತ ದನಿಯಲ್ಲಿ.

“ಹಾಗಾದ್ರೆ ಬಿಡೋ ಹಾಗಿಲ್ಲ!” ಎಂದವರೇ ಮನೆಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿ, ಅತ್ತೆಗೆ ವಿಷಯ ವಿವರಿಸಿದರು. ಒಂದು ವಾರ ಆಫೀಸಿಗೆ ಬಂದು ಅಳಿಯನ ಎದುರೇ ಕೂತು, ಅವರು ಬರೆದ ಪ್ರತಿ ಕೈಪಿಡಿಯನ್ನೂ ಓದಿ ತಪ್ಪು ಹುಡುಕಬೇಕು ಎಂದರು.

ಆ ಕಡೆಯಿಂದ ಅತ್ತೆಯ ದನಿ ಖುಷಿಯಿಂದ ಗಂಟೆಯ ಹಾಗೆ ಮೊಳಗಿತು.

“ಟಿಕೆಟ್ ಹಾಳಾಗೋದು ಬೇಡ, ಮಗಳು ಅವಳ ಅಕ್ಕನ ಜೊತೆ ಸಮುದ್ರ ನೋಡ್ಕೊಂಡು ಬರ್ಲಿ. ನಾನು ಬೆಳಿಗ್ಗೆ ಒಂಬತ್ತಕ್ಕೇ ಬರ್ತೀನಿ. ಅಳಿಯಂದಿರ ತಪ್ಪು ಹುಡುಕ್ಬೇಕು, ಅಷ್ಟೇ ತಾನೆ? ಆಯ್ತು ಬಿಡಿ!”