ಮಾದಮ್ಮನ ಗೋಡೆಯ ಒತ್ತುವರಿ

೧೯೫೭ನೇ ಇಸವಿಯ ಆಷಾಢದಲ್ಲಿ, ಶಾಂತಿಗ್ರಾಮದ ಮಾದಮ್ಮನ ಮನೆಯ ಗೋಡೆಯು ಹತ್ತು ಟನ್ ತೂಕದ ಸರ್ಕಾರಿ ರಸ್ತೆ ರೋಲರನ್ನು ಒತ್ತುತ್ತಿರುವುದು ಪತ್ತೆಯಾಯಿತು.

ಕಣ್ಣಾರೆ ಕಂಡವರು ಬೇರೆ ಹೇಳುತ್ತಾರೆ. ದಿಬ್ಬದ ಮೇಲೆ ನಿಲ್ಲಿಸಿದ್ದ ರೋಲರು ತಾನಾಗಿಯೇ ಹೊರಟಿತಂತೆ. ಇಳಿಜಾರನ್ನು ಭಗವಂತ ಎಲ್ಲರಿಗೂ ಸಮನಾಗಿ ಕರುಣಿಸಿದ್ದಾನೆ, ರೋಲರಿಗೂ. ಮೊದಲು ಎತ್ತಿನ ನಡಿಗೆ, ಆಮೇಲೆ ಕುದುರೆಯ ಓಟ. ನಡುವೆ ಸಿಕ್ಕ ತಿಪ್ಪೆಗುಂಡಿ ಅದರ ಆವೇಗವನ್ನೆಲ್ಲ ನುಂಗಿಕೊಂಡಿದ್ದರಿಂದ, ಗೋಡೆಗೆ ಬಂದು ನೆಂಟರ ಹಾಗೆ ಒರಗಿಕೊಂಡಿತು. ಕಲ್ಲಿನ ಗೋಡೆ, ಬೀಳಲಿಲ್ಲ. ಒಳಗೆ ರಾಗಿ ಬೀಸುತ್ತಿದ್ದ ಮಾದಮ್ಮ ಶಿವನಿಗೆ ಕೈಮುಗಿದಳು; ಬಳಿಕ ಹಾಸನದ ಉಬ್ಬುತಗ್ಗು ನಿವಾರಣಾ ಕಚೇರಿಗೆ ಅರ್ಜಿ ಕೊಟ್ಟಳು. ಮೊದಲನೆಯದಷ್ಟೇ ಸಾಕಿತ್ತು.

ಕಚೇರಿಯಿಂದ ಓವರ್‌ಸಿಯರ್ ಈಶ್ವರಯ್ಯನವರು ಬಂದರು. ಹಣೆತುಂಬ ವಿಭೂತಿ, ಕಂಕುಳಲ್ಲಿ ಕಡತ.

"ನೋಡಮ್ಮ, ರೋಲರ್ ಚಲಿಸಬೇಕಾದರೆ ಚಲನಾದೇಶ ಬೇಕು. ಆದೇಶ ಆಗಿಲ್ಲ. ಆದ್ದರಿಂದ ಅದು ಚಲಿಸಿಲ್ಲ."

"ಅಂಗಾರೆ ಇಲ್ಲಿಗೆಂಗೆ ಬಂತು ಸಾ?"

"ಬಂದಿಲ್ಲ. ಇದೆ."

"ನಮ್ಮನೇನೇ ದಿಬ್ಬ ಅತ್ಬುಡ್ತಾ ಮತ್ತೆ?"

"ಅದನ್ನು ಕಂದಾಯದವರು ಹೇಳಬೇಕು. ನನ್ನದು ವಿಜ್ಞಾನ. ಒಂದು ವಸ್ತು ಇನ್ನೊಂದನ್ನು ಎಷ್ಟು ಒತ್ತುತ್ತದೋ, ಆ ಇನ್ನೊಂದು ಅದನ್ನು ಅಷ್ಟೇ ಒತ್ತುತ್ತದೆ. ರೋಲರಿಗೆ ಒತ್ತುವುದು ಕರ್ತವ್ಯ. ಅದಕ್ಕೆಂದೇ ಸರ್ಕಾರ ಅದನ್ನು ಕೊಂಡಿದೆ. ನಿಮ್ಮ ಗೋಡೆಗೆ ಒತ್ತಲು ಅಪ್ಪಣೆ ಕೊಟ್ಟವರು ಯಾರು?"

ಮಾದಮ್ಮ ಗೋಡೆಯ ಮುಖ ನೋಡಿದಳು. ಅದು ಏನೂ ಹೇಳಲಿಲ್ಲ. ಈಶ್ವರಯ್ಯನವರು ಅದನ್ನೂ ಬರೆದುಕೊಂಡರು.

ವಾರದಲ್ಲಿ ನೋಟೀಸು ಬಂತು: 'ಖಾಸಗಿ ಗೋಡೆಯೊಂದು ಸರ್ಕಾರಿ ಸ್ವತ್ತನ್ನು ಹಗಲಿರುಳೆನ್ನದೆ ಒತ್ತುತ್ತಿರುವುದನ್ನು ಒತ್ತುವರಿ ಎಂದು ಪರಿಗಣಿಸಲಾಗಿದೆ. ಸದರಿ ಗೋಡೆಯು ಹದಿನೈದು ದಿನಗಳೊಳಗೆ ಒತ್ತುವುದನ್ನು ನಿಲ್ಲಿಸತಕ್ಕದ್ದು. ತಪ್ಪಿದಲ್ಲಿ ಕೆಡವಲಾಗುವುದು.'

"ಏನ್ ಕೊಬ್ಬಮ್ಮಿ ನಿನ್ ಗ್ವಾಡೆಗೆ," ಎಂದಳು ಪಕ್ಕದ ಮನೆಯ ಸಣ್ಣಕ್ಕ, "ಸರ್ಕಾರಾನೇ ತಳ್ಕಂಡ್ ನಿಂತದಲ್ಲ."

"ಸುಮ್ಕಿರೇ. ಅದು ಉಟ್ಟಿದಾಗಿಂದ ಯಾರ್ ತಂಟೆಗೂ ಓಗಿಲ್ಲ ಕಣೆ. ಅದು ಬಿದ್ರೆ ಸೂರೂ ಬಿತ್ತದೆ, ನಾನೆಲ್ಲಿಗೋಗ್ಲಿ?"

ಹದಿನಾರನೆಯ ದಿನ ಈಶ್ವರಯ್ಯನವರು ನಾಲ್ಕು ಆಳು, ನಾಲ್ಕು ಹಾರೆಗಳೊಡನೆ ಬಂದರು. ಮಾದಮ್ಮ ಶಿವನನ್ನು ನೆನೆದಳು. ಶಿವನಿಗೂ ಕಚೇರಿಯ ನಿಯಮಗಳು ಗೊತ್ತಿರಬೇಕು.

"ಸಾ, ಗ್ವಾಡೆ ತಗುದ್ರೆ ರೋಲರ್ ಏನ್ಮಾಡ್ತದೆ?"

"ಮುಂದಕ್ಕೆ ಉರುಳುತ್ತದೆ. ತಡೆಯುವ ಬಲ ಇಲ್ಲವಲ್ಲ."

"ಉರುಳಾಕೆ ಆದೇಸ ಆಗೈತಾ?"

ಈಶ್ವರಯ್ಯನವರು ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಹಾರೆಗಳನ್ನು ಕೆಳಗಿಡಿಸಿದರು.

ತಿಂಗಳ ಕೊನೆಗೆ ಮಾದಮ್ಮನಿಗೆ ಒತ್ತುವ ಪರವಾನಗಿ ಬಂತು. ಗೋಡೆಯು ಇನ್ನು ಮುಂದೆ ರೋಲರನ್ನು ಹೆಚ್ಚೂ ಅಲ್ಲದೆ, ಕಡಿಮೆಯೂ ಅಲ್ಲದೆ, ಅದು ಒತ್ತಿದಷ್ಟೇ ಒತ್ತತಕ್ಕದ್ದು, ರಜಾದಿನಗಳಲ್ಲಿಯೂ ನಿಲ್ಲಿಸಕೂಡದು. ಮಾದಮ್ಮ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದಳು.

ಊರಿಗೆ ಈಗ ಬುದ್ಧಿ ಬಂದಿದೆ. ಬಸ್ಸು ಕಾಯುವ ಕಲ್ಲುಬೆಂಚೂ ಸರ್ಕಾರದ್ದೇ. ಕೂತವರು ಅದನ್ನು ಒತ್ತುತ್ತಾರೆ. ಸಣ್ಣಕ್ಕನೇ ಮೊದಲ ಅರ್ಜಿ ಹಾಕಿದಳು. ಅಪ್ಪಣೆ ಬರುವ ತನಕ ಎಲ್ಲರೂ ನಿಂತುಕೊಂಡೇ ಬಸ್ಸು ಕಾಯುತ್ತಾರೆ. ನೆಲ ಯಾರದ್ದೆಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ಎತ್ತಿಲ್ಲ. ಶಿವ ದೊಡ್ಡವನು.