ಎರಡು ಕೆನ್ನೆ, ಎರಡು ಪರಿಮಳ

"ನೋಡ್ತಾ ಇರೇ, ಇವತ್ತು ನನ್ನ ಪರಿಮಳಕ್ಕೇ ಬಡ್ತಿ ಓಡೋಡಿ ಬರುತ್ತೆ!" ಎಂದು ಹೆಂಡತಿಯ ಮುಂದೆ ಘೋಷಿಸಿ ಸ್ಟೋರ್ ಕೀಪರ್ ಸಾಹೇಬರು ಬಚ್ಚಲುಮನೆ ಹೊಕ್ಕರು.

ಪಂಪ್ ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ ನಟ್ಟು ಬೋಲ್ಟು ಕಾಯುತ್ತ ಬೆವರಿ ಬೆಂಡಾದ ಜೀವ ಅದು. ಹೆಡ್ ಸ್ಟೋರ್ ಕೀಪರ್ ಆದರೆ ಸ್ವಂತ ಕೋಣೆ, ತಲೆಯ ಮೇಲೆ ಸ್ವಂತ ಫ್ಯಾನು! ಅದಕ್ಕೆ ಅಂದೇ ಸಂದರ್ಶನ. ಉತ್ತರಗಳೆಲ್ಲ ಬಾಯಿಪಾಠ. ಆದರೆ ಯಾವ ಸೋಪಿನ ನೊರೆಗೆ ಯಾವ ಆಫ್ಟರ್‌ಶೇವ್ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ.

"ಎರಡಕ್ಕೂ ಹೊಂದಾಣಿಕೆ ಇರಬೇಕು ಕಣೇ, ಗಂಡ ಹೆಂಡಿರ ಥರ!"

"ನಮ್ಮ ಥರ ಬೇಡ ರೀ, ಕೆನ್ನೆ ಉರಿಯುತ್ತೆ."

ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಯೋಗ ಶುರುವಾಯಿತು. ಎಡಗೆನ್ನೆಗೆ ಗಂಧದ ಸೋಪು, ಅದರ ಮೇಲೆ ಗುಲಾಬಿ ಆಫ್ಟರ್‌ಶೇವ್. ಬಲಗೆನ್ನೆಗೆ ನಿಂಬೆ ಸೋಪು, ಅದರ ಮೇಲೆ ಪುದೀನ. ತೀರ್ಪಿಗೆ ಹೆಂಡತಿಯನ್ನೂ ಅಮ್ಮನನ್ನೂ ಕರೆದರು. ಇಬ್ಬರೂ ಅತ್ತ ಮೂಸಿದರು, ಇತ್ತ ಮೂಸಿದರು.

"ಬಲಗಡೆದೇ ಚೆನ್ನ. ಎಡಗಡೆದು ಹಳೇ ಟ್ರಂಕು ತೆಗೆದ ಹಾಗಿದೆ," ಎಂದಳು ಹೆಂಡತಿ.

"ನಿಂಬೆ ಪಾತ್ರೆ ತೊಳೆಯೋಕೆ ಕಣಮ್ಮ! ಮಗಾ, ಗಂಧ ಗುಲಾಬಿನೇ ಇರಲಿ, ಮರ್ಯಾದಸ್ಥನ ಥರ ಕಾಣ್ತೀಯ," ಎಂದರು ಅಮ್ಮ.

ಶಿವಶಿವಾ! ಯಾವ ಕೆನ್ನೆ ತೊಳೆದರೂ ಮನೆಯಲ್ಲಿ ಮಹಾಯುದ್ಧ. ಸಾಹೇಬರು ಎರಡನ್ನೂ ಹಾಗೇ ಇಟ್ಟುಕೊಂಡು ಬಸ್ಸಿಗೆ ಓಡಿದರು. ದಾರಿಯಲ್ಲಿ ತಲೆ ಓಡಿತು. ಸಂದರ್ಶನಕ್ಕೆ ಕೂರುವವರು ಇಬ್ಬರು, ವಯಸ್ಸಾದ ಜಿ.ಎಂ. ಮತ್ತು ಲೆಕ್ಕಪತ್ರ ವಿಭಾಗದ ಮೇಡಂ. ಜಿ.ಎಂ.ಗೆ ಅಮ್ಮನ ಕೆನ್ನೆ, ಮೇಡಂಗೆ ಹೆಂಡತಿಯ ಕೆನ್ನೆ! ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಪಕ್ಕದವನಿಗೂ ಒಂದು ನಗೆ ಬೀರಿದರು.

ಒಳಗೆ ಹೋಗಿ ಕೂತು ನೋಡಿದರೆ, ಮೇಜಿನಾಚೆ ಜಿ.ಎಂ. ಕೂತಿದ್ದು ಇವರ ಬಲಕ್ಕೆ, ಮೇಡಂ ಎಡಕ್ಕೆ! ಎಲ್ಲಾ ಅದಲು ಬದಲು. ಈಗ ಜಿ.ಎಂ.ಗೆ ಎಡಗೆನ್ನೆ ತೋರಿಸಬೇಕಾದರೆ ಮುಖವನ್ನು ಪೂರ್ತಿ ಬಲಗೋಡೆಗೆ ತಿರುಗಿಸಬೇಕು. ಮೇಡಂಗೆ ಬಲಗೆನ್ನೆ ತೋರಿಸಲು ಎಡಗೋಡೆಗೆ.

ತಿರುಗಿಸಿದರು! ಜಿ.ಎಂ. ಪ್ರಶ್ನೆ ಕೇಳಿದಾಗ ಬಲಗಡೆಯ ಕ್ಯಾಲೆಂಡರಿಗೆ ಉತ್ತರ ಹೇಳಿದರು. ಮೇಡಂ ಕೇಳಿದಾಗ ಎಡಗಡೆಯ ಬೀರುವಿಗೆ ವಿವರಿಸಿದರು. ಇಬ್ಬರೂ ಒಟ್ಟಿಗೇ ಕೇಳಿದಾಗ ಕುತ್ತಿಗೆ ಲಟಕ್ಕೆಂದಿತು.

"ಏನ್ರೀ ಇದು?" ಜಿ.ಎಂ. ಕೊನೆಗೆ ರೇಗಿದರು. "ಸ್ಟೋರಿನ ಬೀಗದ ಕೈ ಇಟ್ಕೊಳ್ಳೋರು ನೀವು. ಒಂದು ಸಲಾನೂ ಮುಖ ಕೊಟ್ಟು ಮಾತಾಡಲ್ಲ ಅಂದ್ರೆ ಏನರ್ಥ? ಏನ್ ಮುಚ್ಚಿಡ್ತಾ ಇದೀರಿ?"

ಇನ್ನು ಕಳ್ಳನ ಪಟ್ಟವೇ ಗತಿ ಎಂದು ಹೆದರಿ ಸಾಹೇಬರು ಗಂಧ, ಗುಲಾಬಿ, ನಿಂಬೆ, ಪುದೀನ, ಅಮ್ಮ, ಹೆಂಡತಿ, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟರು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಪರಿಮಳಾನಾ? ನಿನ್ನೆ ತಾನೆ ಈ ರೂಮಿಗೆ ಪೇಂಟ್ ಹೊಡೆಸಿದ್ದಾರೆ ರೀ. ಬೆಳಗ್ಗೆಯಿಂದ ನಮ್ಮಿಬ್ಬರ ಮೂಗಿಗೆ ಪೇಂಟ್ ಬಿಟ್ಟು ಇನ್ನೇನೂ ಬಡಿದಿಲ್ಲ!"

ಸಾಹೇಬರ ಮೂಗಿಗೆ ಮಾತ್ರ ಅದು ಗೊತ್ತೇ ಆಗಿರಲಿಲ್ಲ. ಅಲ್ಲಿ ಜಾಗವೆಲ್ಲಿತ್ತು!

"ಆಯ್ತು, ಹೋಗ್ತಾ ಹೊರಗೆ ಕೂತಿರೋರನ್ನ ಕಳಿಸಿ," ಎಂದರು ಜಿ.ಎಂ.

ಹೊರಗೆ ಬೆಂಚಿನ ಮೇಲಿದ್ದವನು ಪ್ಯಾಕಿಂಗ್ ವಿಭಾಗದ ಗಡ್ಡಪ್ಪ. ಬ್ಲೇಡಿನ ಮುಖ ಕಂಡು ಯಾವ ಕಾಲವಾಯಿತೋ ಏನೋ! ಒಳಗೆ ಹೋದ, ಇಬ್ಬರನ್ನೂ ನೇರವಾಗಿ ನೋಡಿ ಮಾತಾಡಿದ.

ಸಂಜೆ ಹೊತ್ತಿಗೆ, ಸ್ವಂತ ಫ್ಯಾನಿನ ಗಾಳಿಗೆ, ಹೆಡ್ ಸ್ಟೋರ್ ಕೀಪರ್ ಗಡ್ಡಪ್ಪನ ಗಡ್ಡ ಪಟಪಟನೆ ಹಾರಾಡುತ್ತಿತ್ತು.