ಬಿದ್ದವರಿಗೆ ಮಾತ್ರ ಹಾಲ್ ಟಿಕೆಟ್

ನಿಜವಾಗಿ ಓದಿದ ಹುಡುಗಿ ನಿಲ್ಲಲಾರಳು ಎಂಬುದು ೧೯೭೯ರಿಂದ ವಿದ್ಯಾಗಿರಿಯ ನಮ್ಮ ಮಹಿಳಾ ವಸತಿನಿಲಯದ ಅಧಿಕೃತ ನಿಲುವಾಗಿದೆ.

ಇದಕ್ಕೆ ಆಧಾರ, ಮೇಟ್ರನ್ ಆದ ನಾನೇ ಕಳಿಸಿದ ವರದಿ. ಇಳಕಲ್ಲಿನ ಶಹರಬಾನು ಎಂಬ ಪಿಯುಸಿ ವಿದ್ಯಾರ್ಥಿನಿ ಇಡೀ ದಿನ ಲಾಗರಿತಮ್ ಮಾಡಿ, ಊಟಕ್ಕೆ ಇಳಿಯುವಾಗ ಮೆಟ್ಟಿಲು ತಪ್ಪಿ ಸಾರಿನ ಪಾತ್ರೆಯ ಪಕ್ಕದಲ್ಲಿ ಬಂದು ಕುಳಿತಳು. ಮೆದುಳು ದಣಿದರೆ ಕಾಲು ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಮೆಟ್ಟಿಲಿಗೆ ಒಂದು ಕೈಕಂಬಿ ಬೇಕು ಎಂದು ಬರೆದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟು ನಡೆಯಲು ಕಲಿತವಳು ನಾನು. ವರದಿಯ ಒಂದಕ್ಷರವೂ ಅತ್ತಿತ್ತ ವಾಲಿರಲಿಲ್ಲ.

ಇಲಾಖೆ ಕೈಕಂಬಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಪ್ಪಿತು. ಸುತ್ತೋಲೆ ಬಂತು: "ಮಾನಸಿಕ ದಣಿವಿನಿಂದ ಸಮತೋಲ ತಪ್ಪುವುದು ಸಾಬೀತಾಗಿರುವುದರಿಂದ, ಸಮತೋಲ ತಪ್ಪದವರು ಓದಿಲ್ಲವೆಂದು ಭಾವಿಸತಕ್ಕದ್ದು. ಅಂಥವರಿಗೆ ಹಾಲ್ ಟಿಕೆಟ್ ಕೊಡತಕ್ಕದ್ದಲ್ಲ." ಬೀಳುವವರಿಗಾಗಿ ಒಂದು ಹತ್ತಿಯ ಗಾದಿಯೂ ಮಂಜೂರಾಯಿತು. ಅದು ಸಮತೋಲ ಪರೀಕ್ಷಣಾಧಿಕಾರಿ ರಾಚಪ್ಪನವರ ಮನೆಯಲ್ಲಿ ಪರಿಶೀಲನೆಯಲ್ಲಿದೆ. ಅವರು ಅದನ್ನು ಮಧ್ಯಾಹ್ನ ಊಟವಾದ ಮೇಲೂ ಪರಿಶೀಲಿಸುತ್ತಾರೆ.

ಪರೀಕ್ಷಣೆಯ ದಿನ ರಾಚಪ್ಪನವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬಳನ್ನೇ ಒಂಟಿಗಾಲಲ್ಲಿ ನಿಲ್ಲಿಸಿದರು. ಮೊದಲನೆಯವಳು ಬಾದಾಮಿಯ ಬನಶಂಕರಿ. ಟೂರಿಂಗ್ ಟಾಕೀಸಿನ ಸಿನಿಮಾಗಳ ಹೊರತು ವರ್ಷವಿಡೀ ಬೇರೇನನ್ನೂ ಅಭ್ಯಾಸ ಮಾಡಿದವಳಲ್ಲ. ಕಾಲೆತ್ತಿದ ಕೂಡಲೇ ಹಣೆಗೆ ಕೈಯೊತ್ತಿ, ಕಂಬ ತಬ್ಬಿ, ನಿಧಾನವಾಗಿ ಜಾರಿದಳು.

"ಪಾಪ, ಭಾಳ ಓದ್ಯಾಳ," ಎಂದರು ರಾಚಪ್ಪನವರು. "ಮದಲ ನೀರ ಕೊಡ್ರಿ. ಆಮ್ಯಾಲ ಹಾಲ್ ಟಿಕೆಟ್ ಕೊಡ್ರಿ."

ಮುಂದಿನವಳು ತುಳಸಿಗೇರಿಯ ಬಸಲಿಂಗವ್ವ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಓದುವವಳು. ಆದರೆ ಎಳವೆಯಿಂದ ತಲೆಯ ಮೇಲೆ ಕೊಡದ ಮೇಲೆ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತಿದವಳು. ಕಾಲೆತ್ತಿ ನಿಂತಳು. ನಿಂತೇ ಇದ್ದಳು. ರಾಚಪ್ಪನವರ ಚಹಾ ಬಂತು, ಮುಗಿಯಿತು.

"ಏನವಾ, ವರ್ಷಪೂರ್ತಿ ಏನ್ ಮಾಡೀದಿ?"

"ಓದೇನ್ರಿ ಸಾಹೇಬ್ರ. ಏನರ ಕೇಳ್ರಿ, ಹೇಳ್ತೇನಿ."

"ಕೇಳೂದು ನನ್ನ ಕೆಲಸಲ್ಲ. ಬೀಳ್ತಿಯೋ ಇಲ್ಲೋ?"

"ನನಗ ಬೀಳಾಕ ಬರಂಗಿಲ್ರಿ."

"ಏ ಬಸ್ಸಿ, ಸುಮ್ನ ವಾಲ, ಹುಚ್ಚಿ!" ಎಂದು ಕಂಬದ ಬುಡದಿಂದ ಬನಶಂಕರಿ ಕೂಗಿದಳು. "ತಲಿಮ್ಯಾಲ ಕೊಡ ಏನಿಲ್ಲ!"

ಬಸಲಿಂಗವ್ವ ವಾಲಿ ನೋಡಿದಳು. ಸೊಂಟ ತಾನಾಗಿಯೇ ನೆಟ್ಟಗಾಯಿತು. ರಾಚಪ್ಪನವರು "ಓದಿಲ್ಲ" ಎಂದು ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದರು. ಅವಳು ಒಂಟಿಗಾಲಲ್ಲೇ ನನ್ನ ಕಡೆ ತಿರುಗಿದಳು.

"ಅಕ್ಕೋರ, ಈ ಸಲ ಪರೀಕ್ಷಾ ತಪ್ಪಿದ್ರ ನಮ್ಮಪ್ಪ ಕಾಲೇಜ ಬಿಡಿಸಿ ಮದವಿ ಮಾಡ್ತಾನ್ರಿ. ವರಾನೂ ಹುಡಕಿ ಇಟ್ಟಾನ."

ನನ್ನ ನಿಲಯದಲ್ಲಿ ಅಳಲು ಅನುಮತಿಯಿಲ್ಲ. ನೆಟ್ಟಗೆ ನಿಲ್ಲು ಎಂದು ಹೇಳಹೊರಟವಳು, ಅವಳ ತೊಂದರೆಯೇ ಅದೆಂದು ನೆನಪಾಗಿ ಮಾತು ಬದಲಿಸಿದೆ. ಮೇಲ್ಮನವಿಗೆ ಅವಕಾಶವಿದೆಯೇ ನೋಡೆಂದು ಸುತ್ತೋಲೆಯನ್ನೇ ಕೈಗೆ ಕೊಟ್ಟೆ.

ಅವಳು ಗಟ್ಟಿಯಾಗಿ ಓದಿದಳು: "'ಕೆಳಕಂಡ ವಿನಾಯಿತಿಯು ಮೇಲ್ಕಂಡ ಷರತ್ತಿಗೆ ಅನ್ವಯಿಸದೆ ಇರದಿದ್ದ ಹೊರತು, ಸದರಿ ಬೀಳದವರು ಬಿದ್ದವರಲ್ಲದವರೆಂದು ಪರಿಗಣಿಸಲ್ಪಡದಿರತಕ್ಕದ್ದಲ್ಲ...' ಅಕ್ಕೋರ, ಅಂದ್ರ ಏನ್ರಿ?"

"ಇನ್ನೊಮ್ಮೆ ಓದು."

ಓದಿದಳು. 'ಸದರಿ'ಯ ಹತ್ತಿರ ಕಣ್ಣು ಮಂಜಾಯಿತು. 'ತಕ್ಕದ್ದಲ್ಲ'ದ ಹತ್ತಿರ ಮೊಣಕಾಲು ನಡುಗಿತು. ತುಂಬಿದ ಕೊಡಗಳಿಗೆ ಬಗ್ಗದ ಬಸಲಿಂಗವ್ವ ಹಾಸುಗಲ್ಲಿನ ಮೇಲೆ ಧೊಪ್ಪನೆ ಬಿದ್ದಳು.

"ತಲಿ ಸುತ್ತಾಕತ್ತೇತ್ರಿ..."

"ಅದಕ್ಕ ಅದನ್ನ ಸುತ್ತೋಲಿ ಅಂತಾರ, ಹುಚ್ಚಿ!" ಎಂದು ಬನಶಂಕರಿ ಚಪ್ಪಾಳೆ ತಟ್ಟಿದಳು.

ರಾಚಪ್ಪನವರು ಒಪ್ಪಲಿಲ್ಲ. "ಸರಕಾರದ ಕಾಗದಾ ಓದಿ ಯಾರರ ಬೀಳ್ತಾರೇನ್ರಿ? ಕೊಡ್ರಿಲ್ಲೆ."

ಒಂಟಿಗಾಲಲ್ಲಿ ಓದತಕ್ಕದ್ದೆಂದು ನೆನಪಿಸಿದೆ. ಅವರು ಕಾಲೆತ್ತಿ ನಿಂತರು. ಸುತ್ತೋಲೆಯನ್ನು ಅವರು ಓದುತ್ತಿದ್ದುದು ಅದೇ ಮೊದಲೆಂದು ತೋರುತ್ತದೆ. ಪುಟ ಮುಗಿಯುವ ಮೊದಲೇ ಕುರ್ಚಿಯನ್ನೂ ಕರೆದುಕೊಂಡು ಬಿದ್ದರು. ಗಾದಿ ಇನ್ನೂ ಪರಿಶೀಲನೆಯಲ್ಲಿತ್ತು.

ಬಿದ್ದವರು ಓದಿದವರು, ಓದಿದವರಿಗೆ ಹಾಲ್ ಟಿಕೆಟ್. ನಾನು ಇಬ್ಬರಿಗೂ ಕೊಟ್ಟೆ. ನಿಯಮಾನುಸಾರವಾಗಿದ್ದುದರಿಂದ ಇಲಾಖೆ ಆಕ್ಷೇಪಿಸಲಿಲ್ಲ, ರಾಚಪ್ಪನವರೂ ಆಕ್ಷೇಪಿಸಲಿಲ್ಲ.

ಪರೀಕ್ಷೆಯಲ್ಲಿ ಬಸಲಿಂಗವ್ವ ತಲೆಯೆತ್ತದೆ ಬರೆದಳು. ಅವಳ ಹಿಂದಿನ ಬೆಂಚಿನಲ್ಲಿ ರಾಚಪ್ಪನವರು ಕುಳಿತಿದ್ದರು. ಅವರು ಪದೇ ಪದೇ ಅವಳ ಉತ್ತರಪತ್ರಿಕೆಯ ಕಡೆಗೆ ವಾಲುತ್ತಿದ್ದುದರಿಂದ, ನೆಟ್ಟಗೆ ಕುಳಿತುಕೊಳ್ಳಿ ಎಂದು ಮೇಲ್ವಿಚಾರಣೆಗೆ ನಿಂತಿದ್ದ ನಾನು ಎಚ್ಚರಿಸಬೇಕಾಯಿತು.